ಪಿಎಸ್ 6 ಬರ್ತಿದೆ ಅಂತ ಅಡ್ವಾನ್ಸ್ ಕೊಡಬೇಡಿ, ನಾನು ಕೊಟ್ಟು ಕೆಟ್ಟೆ

ದಯವಿಟ್ಟು ಪೂರ್ತಿ ಓದಿ. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಹಳೇ ಗೇಮ್ ಕನ್ಸೋಲ್ ಎಕ್ಸ್‌ಚೇಂಜ್‌ಗೆ ಹಾಕೋಣ ಅಂತ ಯೋಚನೆ ಮಾಡುತ್ತಿರುವವರು ಖಂಡಿತ ಓದಿ. ಅಂಗಡಿ ಹೆಸರು ಬರೆಯುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ.

ನಾನು ಹೋಗಿದ್ದು ಎಸ್‌ಎಸ್‌ಡಿ (ಗೇಮ್ ತುಂಬಿಡುವ ಡ್ರೈವ್) ತಗೊಳ್ಳೋಕೆ. ಅಷ್ಟೇ. 2021ರಲ್ಲಿ 49,990 ಕೊಟ್ಟು ತಂದ ಪಿಎಸ್ 5, ಅಂದರೆ ಸೋನಿಯ ಪ್ಲೇಸ್ಟೇಷನ್ 5, ನನ್ನದು. ಹೆಸರಿಗೆ 825 ಜಿಬಿ, ಗೇಮ್ ಹಾಕೋಕೆ ಸಿಗುವುದು 667. ದೊಡ್ಡ ಗೇಮ್ ಆರೇಳು ಹಾಕಿದರೆ ತುಂಬಿಹೋಗುತ್ತದೆ. ಒಂದು ಹೊಸದು ಬೇಕೆಂದರೆ ಒಂದು ಹಳೇದು ಅಳಿಸಬೇಕು. 1 ಟಿಬಿ ಹಾಕಿಸಿಬಿಡೋಣ ಅಂತ 2025ರ ಏಪ್ರಿಲ್‌ನಲ್ಲಿ ಹೋದೆ.

ಅಂಗಡಿಯವನು ಎಸ್‌ಎಸ್‌ಡಿ ತೆಗೆದು ಕೌಂಟರ್ ಮೇಲೆ ಇಟ್ಟ. ಆಮೇಲೆ ತಾನೇ ವಾಪಸ್ ಒಳಗಿಟ್ಟ. "ಸಾರ್, ಹಾಕಿಕೊಡೋಕೆ ನಂಗೇನು ಕಷ್ಟ. ಆದ್ರೆ ಇದಕ್ಕೆ ದುಡ್ಡು ಸುರೀಬೇಡಿ. ದೀಪಾವಳಿಗೆ ಪಿಎಸ್ 6 ಬರ್ತಿದೆ. ಅದ್ರಲ್ಲಿ ಡಿಸ್ಕ್ ಇರಲ್ಲ, ಗೇಮ್ ಎಲ್ಲ ಕಾರ್ಡಲ್ಲಿ. ನಿಮ್ಮ ಹಳೇದೆಲ್ಲ ಗುಜರಿ ಆಗುತ್ತೆ, ಈಗ್ಲೇ ಎಕ್ಸ್‌ಚೇಂಜ್‌ಗೆ ಹಾಕಿ" ಅಂದ. ನಾನು ಬಿದ್ದಿದ್ದೇ ಇಲ್ಲಿ. ಬರುವ ವ್ಯಾಪಾರವನ್ನೇ ಬೇಡ ಅನ್ನುವವನು ಸುಳ್ಳು ಹೇಳುತ್ತಾನಾ ಅಂದುಕೊಂಡೆ.

ಅವನು ಹೇಳಿದ್ದರಲ್ಲಿ ಅರ್ಧ ನಿಜ. ಅದಕ್ಕೇ ನಂಬಿದೆ. "ಪಿಎಸ್ 5 ಪ್ರೋ ನೋಡಿ ಸಾರ್, ಡಿಸ್ಕ್ ಡ್ರೈವೇ ಇಲ್ಲ." ನಿಜ, 2024ರ ನವೆಂಬರ್‌ನಲ್ಲಿ ಬಂದ ಪ್ರೋ, ಅಂದರೆ ಪಿಎಸ್ 5ರದೇ ಜೋರು ಮಾಡೆಲ್, ಅದರ ಜೊತೆ ಡ್ರೈವ್ ಕೊಡಲಿಲ್ಲ. ಆದರೆ ಬೇರೆ ತಗೊಂಡು ಸಿಕ್ಕಿಸಬಹುದು ಅನ್ನುವುದನ್ನು ಅವನು ಹೇಳಲಿಲ್ಲ. "ನಿಂಟೆಂಡೊದು ಹೊಸ ಸ್ವಿಚ್ 2 ಕಾರ್ಡಲ್ಲೇ ಬರ್ತಿದೆ, ಇನ್ನು ಎಲ್ಲ ಕಾರ್ಡೇ." ಸ್ವಿಚ್ ಕೈಯಲ್ಲಿ ಹಿಡಿದು ಆಡುವಂಥದ್ದು, ಅದರಲ್ಲಿ ಮೊದಲಿಂದಲೂ ಕಾರ್ಡೇ ಅಲ್ವಾ? "ಪ್ರೋ ಇಂಡಿಯಾಕ್ಕೆ ಯಾಕೆ ಬರ್ಲಿಲ್ಲ ಹೇಳಿ? ಹೊಸದೇ ಬರ್ತಿದೆ, ಅದಕ್ಕೆ." ಇದು ಶುದ್ಧ ಸುಳ್ಳು. ಪ್ರೋದಲ್ಲಿರುವ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ರೇಡಿಯೋ ಬ್ಯಾಂಡ್‌ಗೆ ಇಲ್ಲಿ ಆಗ ಅನುಮತಿ ಇರಲಿಲ್ಲ. ಸೋನಿಯವರೇ ಇದನ್ನು ಹೇಳಿದ್ದರು. ಐದು ನಿಮಿಷ ಫೋನಲ್ಲಿ ನೋಡಿದ್ದರೆ ಸಿಗುತ್ತಿತ್ತು. ನಾನು ನೋಡಲಿಲ್ಲ.

"ಡಿಸ್ಕ್ ಸ್ಲೋ ಸಾರ್, ತೆಗೀಲೇಬೇಕು" ಅಂತಲೂ ಅಂದ. ಇದಕ್ಕೂ ತಲೆಯಾಡಿಸಿದೆ. ಪಿಎಸ್ 5ರಲ್ಲಿ ಗೇಮ್ ಓಡುವುದು ಡಿಸ್ಕ್‌ನಿಂದ ಅಲ್ಲವೇ ಅಲ್ಲ. ಡಿಸ್ಕ್‌ನಿಂದ ಒಂದು ಸಲ ಎಸ್‌ಎಸ್‌ಡಿಗೆ ಕಾಪಿ ಆಗುತ್ತದೆ, ಆಮೇಲೆ ಸೆಕೆಂಡಿಗೆ 5.5 ಜಿಬಿ ಓದುವ ಎಸ್‌ಎಸ್‌ಡಿಯಿಂದ ಓಡುತ್ತದೆ. ಡಿಸ್ಕ್ ಎಷ್ಟು ಸ್ಲೋ ಇದ್ದರೂ ಆಟಕ್ಕೆ ಏನೂ ಆಗುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನೆ ಕೇಳಿಸಿಕೊಂಡೆ. ಈಗಲೂ ನೆನೆದರೆ ಮೈ ಉರಿಯುತ್ತದೆ.

ಮಾರನೇ ದಿನ ಕನ್ಸೋಲ್, ಎರಡು ಕಂಟ್ರೋಲರ್, 19 ಡಿಸ್ಕ್ ಎಲ್ಲ ತಗೊಂಡು ಹೋಗಿ ಕೊಟ್ಟೆ. ಎಲ್ಲಕ್ಕೂ ಸೇರಿ 16,000. "ಡಿಸ್ಕ್ ಕೆಜಿ ಲೆಕ್ಕಕ್ಕೂ ಹೋಗಲ್ಲ ಸಾರ್, ನಿಮಗೋಸ್ಕರ ಇಟ್ಕೊತೀನಿ" ಅಂದ. ಮೇಲೆ 10,000 ಅಡ್ವಾನ್ಸ್. ಒಟ್ಟು 26,000 ಹೊಸದಕ್ಕೆ ಜಮಾ. ರಸೀದಿಯಲ್ಲಿ ಕೆಳಗೆ ಸಣ್ಣದಾಗಿ "ನಾನ್ ರಿಫಂಡಬಲ್" ಅಂತ ಸೀಲ್ ಇತ್ತು. ಮನೆಗೆ ಬಂದ ಮೇಲೆ ನೋಡಿದೆ.

ಅಕ್ಟೋಬರ್‌ನಲ್ಲಿ, ದೀಪಾವಳಿಗೆ ಸ್ವಲ್ಪ ಮೊದಲು, ಪಿಎಸ್ 5 ರೂಪಿಸಿದ ಮಾರ್ಕ್ ಸರ್ನಿ ಚಿಪ್ ಕಂಪನಿ ಎಎಂಡಿ ಜೊತೆ ಮಾಡುತ್ತಿರುವ ಹೊಸ ಚಿಪ್ ಕೆಲಸದ ಬಗ್ಗೆ ಒಂದು ವಿಡಿಯೋದಲ್ಲಿ ಮಾತಾಡಿದರು. ಅದೆಲ್ಲ ಇನ್ನೂ ಸಿಮ್ಯುಲೇಶನ್‌ನಲ್ಲೇ (ಕಂಪ್ಯೂಟರ್‌ನ ಪ್ರಯೋಗದಲ್ಲೇ) ಇದೆ, ಮುಂದಿನ ಕನ್ಸೋಲ್‌ಗೆ ತರೋದು ಕೆಲವು ವರ್ಷ ಆದ ಮೇಲೆ ಅಂದರು. ಕೆಲವು ವರ್ಷ! ನನ್ನ ಕೈಕಾಲು ತಣ್ಣಗಾಯಿತು. ಅಂಗಡಿಯವನಿಗೆ ಮೆಸೇಜ್ ಹಾಕಿದೆ. "ಅದು ಅಮೆರಿಕಾಗೆ ಸಾರ್" ಅಂತ ಉತ್ತರ. ಹಬ್ಬ ಆಯಿತು. "ಸ್ಟಾಕ್ ಕಸ್ಟಮ್ಸ್‌ನಲ್ಲಿದೆ ಸಾರ್." ಇನ್ನೂ ಹುಟ್ಟದೇ ಇರುವ ಮಾಲು ಕಸ್ಟಮ್ಸ್‌ನಲ್ಲಿದೆ! ಆಮೇಲೆ "ಸಂಕ್ರಾಂತಿಗೆ ಪಕ್ಕಾ." ಆಮೇಲೆ ನೀಲಿ ಟಿಕ್ ಮಾತ್ರ, ಉತ್ತರ ಇಲ್ಲ.

ಒಂದು ಶನಿವಾರ ನೇರ ಹೋದೆ. ಗಾಜಿನ ಶೋಕೇಸಲ್ಲಿ ಒಂದು ಪಿಎಸ್ 5 ನಿಲ್ಲಿಸಿದ್ದರು. ಬಿಳಿ ಪ್ಲೇಟಿನ ಕೆಳಮೂಲೆಯಲ್ಲಿ ಚಿಟ್ಟೆ ಸ್ಟಿಕ್ಕರ್, ಒಂದು ರೆಕ್ಕೆ ಇಲ್ಲ. ಅದನ್ನು ಅಂಟಿಸಿದ್ದು ನನ್ನ ಮಗಳು. ಆ ರೆಕ್ಕೆ ಉಗುರಲ್ಲಿ ಕೆರೆದು ಕಿತ್ತಿದ್ದು ನಾನು. ಚೀಟಿ ಮೇಲೆ 31,500. ಪಕ್ಕದ ರ‍್ಯಾಕ್‌ನಲ್ಲಿ ನನ್ನ ಡಿಸ್ಕ್‌ಗಳು. ಒಂದೊಂದರ ಬೆನ್ನಿಗೂ ನಾನೇ ಬಾಲ್‌ಪೆನ್ನಲ್ಲಿ ನಂಬರ್ ಬರೆದು ಅಂಟಿಸಿದ್ದ ಲೇಬಲ್ ಹಾಗೇ ಇತ್ತು. 7, 8, 11. ಕೆಜಿ ಲೆಕ್ಕಕ್ಕೂ ಹೋಗಲ್ಲ ಅಂದ ಡಿಸ್ಕ್‌ಗೆ ತಲಾ 1,299.

ನಾನು ಅಲ್ಲೇ ನಿಂತುಬಿಟ್ಟೆ. ಬಾಯಿ ಬರಲಿಲ್ಲ.

"ಏನ್ರೀ, ಗುಜರಿ ಆಗುತ್ತೆ ಅಂದಿದ್ರಲ್ಲ, ಇದೇನಿದು?" ಅಂತ ಕೊನೆಗೂ ಕೇಳಿದೆ. "ಚಿಟ್ಟೆ ಸ್ಟಿಕ್ಕರ್ ಎಲ್ರೂ ಅಂಟಿಸ್ತಾರೆ ಸಾರ್." ಲೇಬಲ್ ತೋರಿಸಿದೆ. "ತಗೊಳ್ಳೋರು ಇದಾರೆ, ಮಾರ್ತೀವಿ. ವ್ಯಾಪಾರ ಇದು." ದುಡ್ಡು ವಾಪಸ್ ಕೊಡಿ ಅಂದೆ. ಆಗ ಅವನು ಅಂದಿದ್ದು: "ನಾನು ಹೇಳ್ದೆ, ನೀವು ನಂಬಿದ್ರಿ. ನಿಮ್ಮ ಕೈ ಹಿಡಿದು ಕೊಡಿಸಿದ್ನಾ?" ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗರು ನೋಡುತ್ತಿದ್ದರು. ಆ ಮಾತು ಇನ್ನೂ ಕಿವಿಯಲ್ಲಿದೆ. ದುಡ್ಡಿಗಿಂತ ಜಾಸ್ತಿ ಚುಚ್ಚಿದ್ದು ಅದೇ.

ಯಾರಾದರೂ ದಿನಾಂಕ ಹೇಳಿದರೆ ಲೆಕ್ಕ ಹಾಕಿ. ಪ್ಲೇಸ್ಟೇಷನ್ ಬಂದಿದ್ದು 1994, 2000, 2006, 2013, 2020. ಆರು, ಆರು, ಏಳು, ಏಳು. ಐದೇ ವರ್ಷಕ್ಕೆ ಯಾವುದೂ ಬಂದಿಲ್ಲ. ಪಿಎಸ್ 4 ಪ್ರೋ 2016ರಲ್ಲಿ ಬಂದ ಮೇಲೆ ಪಿಎಸ್ 5ಗೆ ನಾಲ್ಕು ವರ್ಷ ಹಿಡಿಯಿತು. 2024ರಲ್ಲಿ ಪ್ರೋ ಬಿಟ್ಟವರು ಒಂದೇ ವರ್ಷಕ್ಕೆ ಹೊಸದು ಬಿಡುತ್ತಾರಾ? ನಿಜವಾಗಿ ಬರುವಾಗ ಗುಟ್ಟಾಗಿ ಬರುವುದಿಲ್ಲ. ಪಿಎಸ್ 5ರ ಎಸ್‌ಎಸ್‌ಡಿ ಬಗ್ಗೆ ಸರ್ನಿ 2019ರ ಏಪ್ರಿಲ್‌ನಲ್ಲೇ ಮಾತಾಡಿದ್ದರು, ಹೆಸರು ಅದೇ ಅಕ್ಟೋಬರ್‌ನಲ್ಲಿ ಹೇಳಿದರು, ಬೆಲೆ 2020ರ ಸೆಪ್ಟೆಂಬರ್‌ನಲ್ಲಿ. ನಮ್ಮಲ್ಲಿ ಬುಕಿಂಗ್ ತೆರೆದಿದ್ದು 2021ರ ಜನವರಿ 12ಕ್ಕೆ, ಕೈಗೆ ಬಂದಿದ್ದು ಫೆಬ್ರವರಿಯಲ್ಲಿ. ಕಂಪನಿ ಬೆಲೆ ಹೇಳುವ ಮೊದಲು ಅಡ್ವಾನ್ಸ್ ಕೇಳಿದರೆ ಎದ್ದು ಬನ್ನಿ. ಜಾಗ ಸಾಲದಿದ್ದರೆ ಜೆನ್ 4 ಎನ್‌ವಿಎಂಇ ಅನ್ನುವ ಬಗೆಯ ಎಸ್‌ಎಸ್‌ಡಿ, ಸೆಕೆಂಡಿಗೆ 5,500 ಎಂಬಿ ಸ್ಪೀಡಿಗೆ ಕಮ್ಮಿ ಇಲ್ಲದ್ದು, ಹೀಟ್‌ಸಿಂಕ್ (ಬಿಸಿ ಇಳಿಸುವ ಲೋಹದ ಪಟ್ಟಿ) ಇರುವಂಥದ್ದು ಹಾಕಿಸಿ. ನಾನು ಹೋಗಿದ್ದೂ ಅದಕ್ಕೇ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ ಮೇಲೆ ಅಂಗಡಿಯಿಂದ ತಾನಾಗಿ ಫೋನ್ ಬಂತು. ಅಡ್ವಾನ್ಸ್‌ನಲ್ಲಿ 5,000 ಯುಪಿಐ ಮಾಡಿದ್ದಾರೆ. ಉಳಿದದ್ದಕ್ಕೆ "ಅಂಗಡೀಲೇ ಏನಾದ್ರೂ ತಗೊಳ್ಳಿ ಸಾರ್" ಅಂತೆ. ಅಲ್ಲಿಂದ ಒಂದು ಕೇಬಲ್ ಕೂಡ ತಗೊಳ್ಳಲ್ಲ.

ಕಳೆದ ವಾರ ಆ ಕಡೆ ಹೋದಾಗ ಶೋಕೇಸಲ್ಲಿ ನನ್ನ ಕನ್ಸೋಲ್ ಇರಲಿಲ್ಲ. ಒಂಟಿ ರೆಕ್ಕೆಯ ಚಿಟ್ಟೆ ಇರುವ ಪಿಎಸ್ 5 ಯಾರಾದರೂ ತಗೊಂಡಿದ್ದರೆ, ನಿಮ್ಮದೇನೂ ತಪ್ಪಿಲ್ಲ, ಅದನ್ನು ವಾಪಸ್ ಕೇಳುವುದಿಲ್ಲ. ಬಿಲ್ಲಿನ ಫೋಟೋ ಒಂದು ಕಳಿಸಿ, ದೂರಿಗೆ ಸೇರಿಸಬೇಕು.