ಮೂರು ಊರಿನ ಪಿನ್ ಕೋಡ್, ಒಡೆಯಲು ಮೂರು ದಾರಿ

ಕೊಪ್ಪಳದಿಂದ ಬಳ್ಳಾರಿಗೆ ರೈಲು ಹತ್ತಿದಾಗ ಮೊಬೈಲ್ ಚಾರ್ಜ್ ಮುಗಿದಿತ್ತು. ಕೈಯಲ್ಲಿದ್ದ ಲಕೋಟೆಯ ಮೇಲೆ ನಮ್ಮೂರ ಪಿನ್ ಕೋಡ್, 583231. ಇದು ಅವಿಭಾಜ್ಯ ಸಂಖ್ಯೆಯೇ ಎಂಬ ಹುಳ ತಲೆ ಹೊಕ್ಕಿತು. ಬಳ್ಳಾರಿಯ 583101, ರಾಯಚೂರಿನ 584101 ಇವೆರಡನ್ನೂ ಸೇರಿಸಿಕೊಂಡು ಮೂರು ವಿಧಾನಗಳನ್ನು ಒರೆಗೆ ಹಚ್ಚಿದೆ.

ಮೊದಲನೆಯದು, ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಸೀಳುವುದು. 1001 ಎಂದರೆ 7×11×13, 999 ಎಂದರೆ 27×37. ಹಾಗಾಗಿ ಎರಡು ತುಂಡುಗಳನ್ನು ಕಳೆದರೆ 7, 11, 13ರ ಗುಟ್ಟು, ಕೂಡಿದರೆ 3, 9, 27, 37ರ ಗುಟ್ಟು ಹೊರಬೀಳುತ್ತದೆ. ಆರಂಕಿಯ ಪಿನ್ ಕೋಡಿಗೆ ಹೇಳಿ ಮಾಡಿಸಿದ ಉಪಾಯ. ಕೊಪ್ಪಳದಲ್ಲಿ 583−231=352, ಅಂದರೆ 11×32. 583+231=814, ಅಂದರೆ 37×22. ಭಾಗಿಸಿದರೆ ಉಳಿಯುವುದು 1433, ಅದು ಅವಿಭಾಜ್ಯ. ಮುನಿರಾಬಾದ್ ಬರುವಷ್ಟರಲ್ಲಿ ನಮ್ಮೂರು 11×37×1433 ಆಗಿ ಬಿಡಿಬಿಡಿಯಾಗಿತ್ತು.

ಎರಡನೆಯದು ಫ್ರಾನ್ಸಿನ ಫರ್ಮಾ 17ನೆಯ ಶತಮಾನದಲ್ಲಿ ತೋರಿಸಿದ ದಾರಿ: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವುದು. ಬಳ್ಳಾರಿಯ ಸಂಖ್ಯೆಯ ವರ್ಗಮೂಲ 763ಕ್ಕಿಂತ ತುಸು ಹೆಚ್ಚು. 764ರಿಂದ ಶುರುಮಾಡಿ ಒಂದೊಂದರ ವರ್ಗದಿಂದ 583101 ಕಳೆಯುತ್ತಾ ಹೋದೆ. ಇಪ್ಪತ್ತೆರಡನೆಯ ಪ್ರಯತ್ನದಲ್ಲಿ, 785ರ ಬಳಿ, ಉಳಿದದ್ದು 33124. ಅದು 182ರ ವರ್ಗ! 785ರಿಂದ 182 ಕಳೆದು, ಮತ್ತೆ ಕೂಡಿದೆ: 603×967. 603 ಎಂದರೆ 9×67.

ಇಲ್ಲಿ ನನ್ನ ಜಾಣತನಕ್ಕೆ ಪೆಟ್ಟು ಬಿತ್ತು. ಅಂಕಿಗಳ ಮೊತ್ತ 18 ಎಂಬುದು ಮೊದಲೇ ಕಂಡಿದ್ದರೆ 9ನ್ನು ತೆಗೆದುಹಾಕಿ 64789 ಹಿಡಿದು ಕೂರುತ್ತಿದ್ದೆ. ಆಗ 255ರಿಂದ 517ರವರೆಗೆ 263 ಪ್ರಯತ್ನ ಬೇಕಾಗುತ್ತಿತ್ತು. 603 ಮತ್ತು 967 ನೆರೆಹೊರೆಯವು; 67ಕ್ಕೂ 967ಕ್ಕೂ ಬಲು ದೂರ. ಅಪವರ್ತನಗಳು ಹತ್ತಿರವಿದ್ದರೆ ಮಾತ್ರ ಈ ದಾರಿ ಓಡುತ್ತದೆ, ಸಂಖ್ಯೆ ಚಿಕ್ಕದಾದ ಮಾತ್ರಕ್ಕೆ ಅಲ್ಲ.

ಮೂರನೆಯದು ಶಾಲೆಯಲ್ಲಿ ಕಲಿತ ಸಾದಾ ಭಾಗಾಕಾರ. ಅದೇ 64789 ಇದರ ಮುಂದೆ ಹತ್ತೊಂಬತ್ತನೆಯ ಅವಿಭಾಜ್ಯಕ್ಕೇ, ಅಂದರೆ 67ಕ್ಕೇ, ಶರಣಾಗುತ್ತದೆ.

ರಾಯಚೂರು ಮಾತ್ರ ಹಟಮಾರಿ. 584−101=483, ಅಂದರೆ 7×69; ಸೀಳುವ ಉಪಾಯದಿಂದ 7 ಸುಲಭವಾಗಿ ಸಿಕ್ಕಿತು. ಉಳಿದ 83443 ಜಪ್ಪಯ್ಯ ಎಂದರೂ ಕದಲಲಿಲ್ಲ. ವರ್ಗಮೂಲದವರೆಗೆ ನೋಡಿದರೆ ಸಾಕು, ಅದು 289ರೊಳಗಿದೆ; ಮರುದಿನ ಕ್ಯಾಲ್ಕುಲೇಟರ್ ಹಿಡಿದು 283ರವರೆಗಿನ 61 ಅವಿಭಾಜ್ಯಗಳಿಂದಲೂ ಭಾಗಿಸಿದೆ, ಪ್ರತಿಸಲವೂ ಶೇಷ. ಅದು ಅವಿಭಾಜ್ಯವೇ. ಇದೇ ಪಿನ್ ಕೋಡನ್ನು ವರ್ಗಗಳ ದಾರಿಯಲ್ಲಿ ಒಡೆಯಹೊರಟರೆ 765ರಿಂದ 41725ರವರೆಗೆ 40,961 ಪ್ರಯತ್ನ! ಲೆಕ್ಕ ಹಾಕಿ ನೋಡಿ ಪೆನ್ನು ಕೆಳಗಿಟ್ಟೆ.

ಫರ್ಮಾನದೇ ಇನ್ನೊಂದು ಪರೀಕ್ಷೆಯಿದೆ: 83443 ಅವಿಭಾಜ್ಯವಾಗಿದ್ದರೆ 2ರ 83442ನೆಯ ಘಾತವನ್ನು 83443ರಿಂದ ಭಾಗಿಸಿದರೆ ಶೇಷ 1 ಬರಬೇಕು. ಹದಿನಾರು ಸಲ ವರ್ಗ ಮಾಡಿದರೆ ಮುಗಿಯುತ್ತದೆ. ಆದರೆ 11×31 ಆಗಿರುವ 341 ಕೂಡ ಈ ಪರೀಕ್ಷೆಯಲ್ಲಿ ಕಳ್ಳದಾರಿಯಿಂದ ಪಾಸಾಗುತ್ತದೆ. ನನಗೆ 61 ಭಾಗಾಕಾರಗಳ ಮೇಲೆಯೇ ನಂಬಿಕೆ.

ಈಗ ಗಂಗಾವತಿಯ 583227 ಎದುರಿಗಿದೆ. ಕೂಡಿದರೆ 810, ಆದ್ದರಿಂದ 27 ಹೊರಗೆ. ಉಳಿದ 21601ಕ್ಕೆ ಇನ್ನೂ ಕೈ ಹಚ್ಚಿಲ್ಲ.