ಸರ್ಪಗಂಧವೋ, ಅಗ್ನಿಶಿಖೆಯೋ?

ಔಷಧಿ ಗಿಡ ಬೆಳೆದು ಮಾರಬೇಕು, ಕಾಡಿನ ಗಿಡದ ಸಂರಕ್ಷಣೆಯೂ ಆಗಬೇಕು ಎನ್ನುವವರಿಗೆ ಈ ಎರಡರಲ್ಲಿ ಯಾವುದು ವಾಸಿ? ಅಗ್ನಿಶಿಖೆಯಲ್ಲಿ ಮಾರುವ ಸರಕು ಬೀಜ. ನೆಟ್ಟ ಸುಮಾರು 6 ತಿಂಗಳಿಗೆ ಕೊಯ್ಲು. ಗೆಡ್ಡೆ ನೆಲದಲ್ಲೇ ಉಳಿದು ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಆದರೆ ಬಳ್ಳಿಗೆ ಚಪ್ಪರ ಬೇಕು, ಕಾಯಿ ಚೆನ್ನಾಗಿ ಕಚ್ಚಲು ಬೆಳಿಗ್ಗೆ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು. 50–60 ಗ್ರಾಂ ತೂಗುವ ಗೆಡ್ಡೆ ಆರಿಸಿ. ತುದಿಯ ಮೊಗ್ಗು ಮುರಿದರೆ ಅದು ಮೊಳೆಯದು. ಆ ಗೆಡ್ಡೆ ಕಾಡಿನಿಂದ ಅಗೆದು ತಂದದ್ದಾದರೆ ಸಂರಕ್ಷಣೆಯ ಮಾತೇ ಸುಳ್ಳು. ಇಡೀ ಗಿಡ ವಿಷ, ದನಕರು ಓಡಾಡುವಲ್ಲಿ ಬೇಡ.

ಸರ್ಪಗಂಧ ಬೇರಿನ ಬೆಳೆ, ಕಿತ್ತರೆ ಗಿಡವೇ ಹೋಯಿತು. ಸುಮಾರು 18 ತಿಂಗಳು ಕಾಯಬೇಕು. ಬೀಜ ಮೊಳೆಯುವುದು ಕಡಿಮೆ: ಉಪ್ಪುನೀರಿನಲ್ಲಿ ತೇಲಿದ್ದನ್ನು ಎಸೆದು, ಮುಳುಗಿದ್ದನ್ನು ತೊಳೆದು, ಒಂದು ದಿನ ನೆನೆಸಿ ಬಿತ್ತಿ. ಕಿತ್ತ ಬೇರನ್ನು ಉಜ್ಜಬೇಡಿ. ಸತ್ವದ ಬಹುಪಾಲು ತೊಗಟೆಯಲ್ಲಿದೆ. ಅರೆನೆರಳಿನ ತೋಟವಿದ್ದರೆ ಇದೇ ವಾಸಿ.