ತೈಲಕ್ಷೇತ್ರ ಸೇವಾ ಕಂಪನಿಯಲ್ಲಿ ಫೀಲ್ಡ್ ಇಂಜಿನಿಯರ್ ಕೆಲಸ: ಸೇರುವವರಿಗಾಗಿ ಒಂದು ವಿಮರ್ಶೆ

ತೈಲ ಉದ್ಯಮದ ಕೆಲಸ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಓಎನ್‌ಜಿಸಿ, ಇಲ್ಲವೇ ಮಂಗಳೂರಿನ ಎಂಆರ್‌ಪಿಎಲ್. ಆದರೆ ಬಾವಿ ಕೊರೆಯುವ ಜಾಗದಲ್ಲಿ ಹಗಲಿರುಳು ದುಡಿಯುವವರಲ್ಲಿ ದೊಡ್ಡ ಪಾಲು ಸೇವಾ ಕಂಪನಿಗಳವರದು. ಬಾವಿಯೂ ಅವರದಲ್ಲ, ಅದರಿಂದ ಬರುವ ತೈಲವೂ ಅವರದಲ್ಲ. ಬಾವಿಯ ಒಳಗಿನ ಬಂಡೆಗಳನ್ನು ಅಳೆಯುವುದು, ಉಕ್ಕಿನ ಕೊಳವೆಯ ಹಿಂದೆ ಸಿಮೆಂಟ್ ತುಂಬುವುದು, ಕೊರೆತದ ದಿಕ್ಕು ತಿರುಗಿಸುವುದು ಮುಂತಾದ ಪರಿಣತಿಯ ಕೆಲಸಗಳನ್ನು ಅವರು ಬಾಡಿಗೆಗೆ ಮಾಡಿಕೊಡುತ್ತಾರೆ. 2022ರಲ್ಲಿ ಎಸ್‌ಎಲ್‌ಬಿ ಎಂದು ಹೆಸರು ಬದಲಿಸಿಕೊಂಡ ಶ್ಲಂಬರ್ಜೆ, ಹ್ಯಾಲಿಬರ್ಟನ್ ಮತ್ತು ಬೇಕರ್ ಹ್ಯೂಸ್ ಈ ವಲಯದ ದೊಡ್ಡ ಹೆಸರುಗಳು. ಇಂಥದೊಂದು ಬಹುರಾಷ್ಟ್ರೀಯ ಕಂಪನಿಯಲ್ಲಿ ವೈರ್‌ಲೈನ್ ಇಂಜಿನಿಯರ್ ಆಗಿ, ಅಂದರೆ ಬಾವಿಯೊಳಗೆ ಉಪಕರಣ ಇಳಿಸಿ ಬಂಡೆಗಳನ್ನು ಅಳೆಯುವವನಾಗಿ, ಮೊದಲು ರಾಜಮಂಡ್ರಿಯಲ್ಲಿ, ಆಮೇಲೆ ಒಮಾನ್‌ನಲ್ಲಿ ದುಡಿದ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಹೇಳುವುದಿಲ್ಲ.

ಈ ಕೆಲಸಕ್ಕೆ ಪೆಟ್ರೋಲಿಯಂ ಪದವಿಯೇ ಬೇಕೆಂದಿಲ್ಲ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಓದಿದವರನ್ನು ಕಾಲೇಜಿನಿಂದಲೇ ಆಯ್ದುಕೊಂಡು, ತಮ್ಮದೇ ತರಬೇತಿ ಕೇಂದ್ರಕ್ಕೆ ಕಳುಹಿಸಿ ಪಳಗಿಸುತ್ತಾರೆ. ಆ ತರಬೇತಿಯ ಬಗ್ಗೆ ನನ್ನಲ್ಲಿ ಮೆಚ್ಚುಗೆಯಲ್ಲದೆ ಬೇರೇನೂ ಇಲ್ಲ. ಪರೀಕ್ಷೆಗಳು ಕಠಿಣ, ತೇರ್ಗಡೆಯಾಗದವರನ್ನು ಮನೆಗೆ ಕಳುಹಿಸಲು ಹಿಂದೆಮುಂದೆ ನೋಡುವುದಿಲ್ಲ. ಆದರೆ ಪಾಠ ಮಾಡುವವರೆಲ್ಲ ಬಾವಿಯ ಬಳಿ ವರ್ಷಗಟ್ಟಲೆ ದುಡಿದು ಬಂದವರು. ಹೀಗಾಗಿ ಉಪಕರಣವನ್ನು ಬಿಚ್ಚಿ, ಜೋಡಿಸಿ, ಅದು ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದನ್ನು ಕಲಿಯದೆ ಯಾರೂ ಅಲ್ಲಿಂದ ಹೊರಬೀಳುವುದಿಲ್ಲ.

ವೈರ್‌ಲೈನ್ ಎಂದರೆ ವಿದ್ಯುತ್ ತಂತಿಗಳನ್ನು ಒಳಗೊಂಡ ಉಕ್ಕಿನ ಕೇಬಲ್‌ನ ತುದಿಗೆ ಅಳತೆಯ ಉಪಕರಣಗಳನ್ನು ಕಟ್ಟಿ ಬಾವಿಯ ತಳಕ್ಕೆ ಇಳಿಸಿ, ಮೇಲೆಳೆಯುತ್ತಾ ಬಂಡೆಗಳ ಗುಣವನ್ನು ದಾಖಲಿಸುವ ಕೆಲಸ. 1927ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಪೆಶೆಲ್‌ಬ್ರಾನ್ ತೈಲಕ್ಷೇತ್ರದಲ್ಲಿ ಶ್ಲಂಬರ್ಜೆ ಸೋದರರ ತಂಡ ಮೊದಲ ಬಾರಿಗೆ ಇದನ್ನು ಮಾಡಿತು. ಅಂದು ನಿಂತು ನಿಂತು ಒಂದೊಂದೇ ಬಿಂದುವಿನಲ್ಲಿ ತೆಗೆದ ಅಳತೆ, ಇಂದು ಮೂರು ನಾಲ್ಕು ಕಿಲೋಮೀಟರ್ ಆಳದಿಂದ ಅಖಂಡವಾಗಿ ಪರದೆಯ ಮೇಲೆ ಮೂಡುತ್ತದೆ. ಎಲ್ಲಿ ತೈಲವಿದೆ, ಎಲ್ಲಿ ಬರೀ ನೀರಿದೆ ಎಂಬ ತೀರ್ಮಾನಕ್ಕೆ ಆಧಾರವಾಗುವ ಗೆರೆಗಳು ಅವು. ಕೊಳವೆ ಇಳಿಸದ ಬರಿ ಬಾವಿಯಲ್ಲಿ ಉಪಕರಣ ಸಿಕ್ಕಿಹಾಕಿಕೊಳ್ಳುವ ಭಯ ಸದಾ ಇರುತ್ತದೆ. ಕೇಬಲ್ ಇಳಿಸಿ ಮೇಲೆಳೆಯುವ ಯಂತ್ರವನ್ನು ನಡೆಸುವ ವಿಂಚ್ ಆಪರೇಟರ್ ಕೇಬಲ್‌ನ ಎಳೆತದ ಅಂಕಿಯಿಂದ ಕಣ್ಣು ಕೀಳದೆ ಕುಳಿತಿರುತ್ತಾರೆ. ರಾಜಮಂಡ್ರಿಯಲ್ಲಿ ನನ್ನೊಂದಿಗಿದ್ದ ಹಿರಿಯ ಆಪರೇಟರ್‌ಗಳು ನನ್ನನ್ನು ಸರ್ ಎಂದೇ ಕರೆಯುತ್ತಿದ್ದರು. ಆದರೆ ಕೇಬಲ್‌ನ ಭಾಷೆಯನ್ನು ನಾನು ಕಲಿತದ್ದು ಅವರಿಂದ. ಇಂಥವರಿಗೆ ಈ ಉದ್ಯಮ ಕೊಡುವ ಸ್ಥಾನಮಾನ ಅವರ ಅನುಭವಕ್ಕೆ ತಕ್ಕದ್ದಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಜವಾಬ್ದಾರಿ ಎಷ್ಟು ಬೇಗ ಹೆಗಲೇರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಬಂಡೆಯ ಸಾಂದ್ರತೆ ಅಳೆಯುವ ಉಪಕರಣದಲ್ಲಿ ಸೀಸಿಯಂ-137 ಎಂಬ ವಿಕಿರಣ ಮೂಲವನ್ನು ಕೂರಿಸಬೇಕು. ಆ ಕೆಲಸ ಬಾವಿಯ ಬಾಯಿಯ ಮೇಲೆಯೇ ನಡೆಯುತ್ತದೆ. ಮೊದಲು ರಿಗ್ ಫ್ಲೋರ್‌ನಿಂದ, ಅಂದರೆ ಬಾವಿ ಕೊರೆಯುವ ಯಂತ್ರಸ್ಥಾವರದ ವೇದಿಕೆಯಿಂದ, ಎಲ್ಲರನ್ನೂ ದೂರ ಕಳುಹಿಸಬೇಕು, ಏನೊಂದೂ ಒಳಗೆ ಬೀಳದಂತೆ ಬಾವಿಯ ಬಾಯಿಗೆ ತಟ್ಟೆ ಮುಚ್ಚಬೇಕು, ಎದೆಯ ಮೇಲಿನ ವಿಕಿರಣ ಮಾಪಕ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ಆಮೇಲೆ ಸೀಸದ ಪೆಟ್ಟಿಗೆಯಿಂದ ಮೂಲವನ್ನು ಉದ್ದನೆಯ ಸಲಾಕೆಯ ತುದಿಗೆ ಸಿಕ್ಕಿಸಿ ಹೊರತೆಗೆದು, ತೋಳನ್ನು ಪೂರ್ತಿ ಚಾಚಿ ಮೈಯಿಂದ ದೂರ ಹಿಡಿದು, ಉಪಕರಣದ ಗೂಡಿಗೆ ಸೇರಿಸಿ ತಿರುಪು ಬಿಗಿಯಬೇಕು. ಎಲ್ಲವೂ ಕೆಲವೇ ಕ್ಷಣಗಳ ಕೆಲಸ. ಅವಸರವೂ ಸಲ್ಲದು, ತಡವೂ ಸಲ್ಲದು. ಕಾಲೇಜು ಮುಗಿಸಿ ಹೆಚ್ಚು ಕಾಲವಾಗಿರದ ಹುಡುಗ ಹುಡುಗಿಯರು ಇದನ್ನು ಮಾಡುತ್ತಾರೆ, ಶಿಸ್ತಿನಿಂದ ಮಾಡುತ್ತಾರೆ. ಇಷ್ಟು ಚಿಕ್ಕ ವಯಸ್ಸಿನಲ್ಲಿ ಇಷ್ಟು ಭಾರದ ನಂಬಿಕೆಯನ್ನು ಮತ್ಯಾವ ಉದ್ಯೋಗವೂ ನನ್ನ ಮೇಲೆ ಇಡುತ್ತಿರಲಿಲ್ಲ.

ಸುರಕ್ಷತೆಯ ವಿಷಯದಲ್ಲಿ ಕಂಪನಿ ಹೇಳುವುದೂ ಮಾಡುವುದೂ ಬಹುಮಟ್ಟಿಗೆ ಒಂದೇ. ಈ ಉದ್ಯಮದಲ್ಲಿ ಬಾವಿಯ ಬಳಿಯಷ್ಟೇ ರಸ್ತೆಯ ಮೇಲೂ ಜೀವಹಾನಿಯಾಗುತ್ತದೆ. ಹೀಗಾಗಿ ಹೊರಡುವ ಮುನ್ನ ಪ್ರಯಾಣದ ಯೋಜನೆಗೆ ಒಪ್ಪಿಗೆ ಪಡೆಯಬೇಕು, ವಾಹನದಲ್ಲಿ ವೇಗವನ್ನೂ ಬ್ರೇಕನ್ನೂ ದಾಖಲಿಸುವ ಯಂತ್ರವಿರುತ್ತದೆ, ಸೀಟ್ ಬೆಲ್ಟ್ ಹಾಕದವರಿಗೆ ಕ್ಷಮೆಯಿಲ್ಲ. ಒಮಾನ್‌ನ ಮರುಭೂಮಿಯ ದಾರಿಗಳಲ್ಲಿ ಈ ನಿಯಮಗಳ ಬೆಲೆ ಚೆನ್ನಾಗಿ ಅರಿವಾಯಿತು. ಅಪಾಯ ಕಂಡರೆ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು ಎಂಬ ಅಧಿಕಾರಪತ್ರ ಪ್ರತಿಯೊಬ್ಬರ ಜೇಬಿನಲ್ಲೂ ಇರುತ್ತದೆ.

ನನ್ನ ಮುಖ್ಯ ಆಕ್ಷೇಪ ಹುಟ್ಟುವುದೂ ಇಲ್ಲೇ. ಆ ಅಧಿಕಾರವನ್ನು ಸಡಿಲಗೊಂಡ ಬೋಲ್ಟ್‌ಗಾಗಿ, ಗಾಳಿಗಾಗಿ, ಸಿಡಿಲಿಗಾಗಿ ಬಳಸಿದರೆ ಶಹಭಾಸ್ ಎನ್ನುತ್ತಾರೆ. ಎರಡು ರಾತ್ರಿ ಸರಿಯಾಗಿ ನಿದ್ದೆಯಿಲ್ಲ, ಬೇರೊಬ್ಬ ಇಂಜಿನಿಯರ್ ಬರುವವರೆಗೆ ನಿಲ್ಲಿಸಿ ಎಂದರೆ ಮಾತು ಬೇರೆಯಾಗುತ್ತದೆ. ಆಳಸಮುದ್ರದ ರಿಗ್ ಒಂದರ ದಿನದ ಬಾಡಿಗೆಯೇ ಕೋಟಿ ರೂಪಾಯಿಗಳ ಲೆಕ್ಕದಲ್ಲಿರುವಾಗ, ಗ್ರಾಹಕ ಕಂಪನಿಯ ಪ್ರತಿನಿಧಿಯಾದ ಕಂಪನಿ ಮ್ಯಾನ್‌ನ ಮುಂದೆ ನಿದ್ದೆಯ ಹೆಸರು ಹೇಳಲು ನಮ್ಮ ವ್ಯವಸ್ಥಾಪಕರು ಹಿಂಜರಿಯುತ್ತಿದ್ದರು. ಕೆಲಸದ ಅವಧಿಯ ಹಾಳೆಯಲ್ಲಿ ವಿಶ್ರಾಂತಿ ಎಂದು ಬರೆದ ಗಂಟೆಗಳು ಉಪಕರಣ ಕಾಯುತ್ತಾ ಕುಳಿತ ಗಂಟೆಗಳಾಗಿರುತ್ತಿದ್ದವು. ಬಾವಿಯ ಬಳಿ ಕೊನೆಯ ಮಾತು ಗ್ರಾಹಕರದು ಎಂಬ ಈ ಸಂಬಂಧ ಸಣ್ಣ ಸಂಗತಿಯಲ್ಲ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಮಕಾಂಡೊ ಬಾವಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಗೊಂಡು 11 ಮಂದಿ ಸತ್ತರು. ಸಿಮೆಂಟ್‌ನ ಹಿಡಿತವನ್ನು ಪರೀಕ್ಷಿಸಲೆಂದು ಬಂದಿದ್ದ ವೈರ್‌ಲೈನ್ ತಂಡವನ್ನು, ಆ ಪರೀಕ್ಷೆಯ ಅಗತ್ಯವಿಲ್ಲವೆಂದು ಗ್ರಾಹಕ ಕಂಪನಿ ಅದೇ ಬೆಳಿಗ್ಗೆ ವಾಪಸ್ ಕಳುಹಿಸಿತ್ತು. ಆ ದುರಂತಕ್ಕೆ ಕಾರಣಗಳು ಹಲವು. ಆದರೂ ಸೇವಾ ಕಂಪನಿಯ ಇಂಜಿನಿಯರ್ ತನ್ನ ಪರಿಣತಿಯ ಮೇಲೆ ನಿಂತು ಬೇಡ ಎನ್ನಲು ಸಾಧ್ಯವಾಗುವಂತೆ ಅವನ ಹಿಂದೆ ಕಂಪನಿ ನಿಲ್ಲಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಸಂಬಳ ಚೆನ್ನಾಗಿದೆ. ಮೂಲವೇತನದ ಮೇಲೆ ಫೀಲ್ಡ್ ಬೋನಸ್ ಬರುವುದರಿಂದ ಕೆಲಸ ಹೆಚ್ಚಿರುವ ತಿಂಗಳು ಕೈ ತುಂಬುತ್ತದೆ, ಕೆಲಸವಿಲ್ಲದ ತಿಂಗಳು ಮೂಲವೇತನವಷ್ಟೇ ಉಳಿಯುತ್ತದೆ. ಬೋನಸ್ ನಂಬಿ ಮನೆಸಾಲ ಮಾಡಬೇಡಿ. ಕ್ಯಾಂಪಿನ ಊಟ ವಸತಿಗೆ ಕೊರತೆಯಿಲ್ಲ.

ಉದ್ಯೋಗ ಉಳಿಯುವುದು ಮಾತ್ರ ನಮ್ಮ ದುಡಿಮೆಗಿಂತ ಹೆಚ್ಚಾಗಿ ಕಚ್ಚಾತೈಲದ ಬೆಲೆಯನ್ನು ಅವಲಂಬಿಸಿದೆ. 2014ರ ನಡುವಿನಲ್ಲಿ ಬ್ಯಾರೆಲ್‌ಗೆ 100 ಡಾಲರ್ ಮೀರಿದ್ದ ಬೆಲೆ 2016ರ ಆರಂಭಕ್ಕೆ 30 ಡಾಲರಿಗಿಂತ ಕೆಳಗಿಳಿಯಿತು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಡಬ್ಲ್ಯುಟಿಐ ತೈಲದ ವಾಯಿದೆ ಬೆಲೆ ಒಂದು ದಿನ ಸೊನ್ನೆಗಿಂತಲೂ ಕೆಳಕ್ಕೆ ಹೋಯಿತು. ಅದೇ ವರ್ಷ ಶ್ಲಂಬರ್ಜೆಯೊಂದೇ 21,000ಕ್ಕೂ ಹೆಚ್ಚು ಹುದ್ದೆಗಳ ಕಡಿತವನ್ನು ಪ್ರಕಟಿಸಿತು. ಬೆಲೆ ಬಿದ್ದಾಗ ತೈಲ ಕಂಪನಿಗಳು ಮೊದಲು ನಿಲ್ಲಿಸುವುದು ಹೊಸ ಬಾವಿಗಳನ್ನು. ಬಾವಿ ನಿಂತರೆ ಸೇವಾ ಕಂಪನಿಗೆ ಕೆಲಸವಿಲ್ಲ. ಆಗ ಒಳ್ಳೆಯ ಕೆಲಸಗಾರ, ಸಾಮಾನ್ಯ ಕೆಲಸಗಾರ ಎಂಬ ಭೇದವೂ ಉಳಿಯುವುದಿಲ್ಲ. ನನಗೆ ಕೆಲಸ ಕಲಿಸಿದವರಲ್ಲಿ ಕೆಲವರು ಹೀಗೆ ಮನೆಗೆ ಹೋದರು. ಆ ಬಗ್ಗೆ ನನಗೆ ಇಂದಿಗೂ ಬೇಸರವಿದೆ.

ಮದುವೆಯಾಗದ, ಯಂತ್ರಗಳ ಮೇಲೆ ಪ್ರೀತಿಯಿರುವ, ದೀಪಾವಳಿಗೋ ಅಕ್ಕನ ಮದುವೆಗೋ ರಜೆ ಸಿಗದೆ ಹೋಗಬಹುದು ಎಂಬುದನ್ನು ಮನೆಯವರಿಗೆ ಮೊದಲೇ ಹೇಳಬಲ್ಲ ಯುವಕ ಯುವತಿಯರಿಗೆ ಈ ಕೆಲಸವನ್ನು ಧೈರ್ಯವಾಗಿ ಸೂಚಿಸುತ್ತೇನೆ. ಚಿಕ್ಕ ಮಕ್ಕಳಿರುವವರಿಗೆ, ಎಷ್ಟು ದಿನ ಕೆಲಸ, ಆಮೇಲೆ ಎಷ್ಟು ದಿನ ರಜೆ ಎಂಬ ಸರದಿ ಕರಾರುಪತ್ರದಲ್ಲೇ ನಮೂದಾಗಿರದಿದ್ದರೆ, ಸೂಚಿಸಲಾರೆ. ಸಂದರ್ಶನದಲ್ಲಿ ನಿಮಗೂ ಪ್ರಶ್ನೆ ಕೇಳುವ ಅವಕಾಶ ಕೊಡುತ್ತಾರೆ. ಸತತ ಎಷ್ಟು ಗಂಟೆ ಕೆಲಸವಾದ ಮೇಲೆ ಬದಲಿ ಇಂಜಿನಿಯರ್ ಕಡ್ಡಾಯ, ನಿಮ್ಮ ನೆಲೆಯಲ್ಲಿ ಹಾಗೆ ಬದಲಿ ಕಳುಹಿಸಲು ಎಷ್ಟು ಮಂದಿ ಇದ್ದಾರೆ ಎಂದು ಕೇಳಿ. ವಿದೇಶದ ಹುದ್ದೆಯಾದರೆ ವೇತನ ಅಂತರರಾಷ್ಟ್ರೀಯ ದರ್ಜೆಯದೋ ಸ್ಥಳೀಯ ದರ್ಜೆಯದೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ವರ್ಷದಲ್ಲಿ 182 ದಿನ ಭಾರತದಲ್ಲೇ ಕಳೆದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ನೀವು ಇಲ್ಲಿಯ ನಿವಾಸಿಗಳಾಗುವುದರಿಂದ, ಸರದಿಯ ರಜೆಯಲ್ಲಿ ಊರಿಗೆ ಬಂದುಹೋದ ದಿನಾಂಕಗಳನ್ನು ಮೊದಲ ವರ್ಷದಿಂದಲೇ ಬರೆದಿಡಿ.